ಗುಂಡಿಯ ಬಾಯಿಗೆ ಬಿಟ್ಟ ಚಪ್ಪಲಿ

ಕಳೆದ ಯುಗಾದಿಯ ನಂತರದ ಗುರುವಾರ, ಮಧ್ಯಾಹ್ನದ ಊಟದ ಹೊತ್ತು ಮುಗಿಯುತ್ತಿದ್ದಾಗ, ಹಳಿಯಾಳದಲ್ಲಿ ನನ್ನ ಫೋಟೋ ಸ್ಟುಡಿಯೋದ ಎರಡು ಮೆಟ್ಟಿಲುಗಳಲ್ಲಿ ಕೆಳಗಿನದರ ಮೇಲೆ ನಾನು ನಿಂತಿದ್ದೆ. ಬರಿಗಾಲಲ್ಲಿದ್ದೆ. ಕೊರಳಲ್ಲಿ ಕ್ಯಾಮೆರಾ ಇತ್ತು. ಎಡಕ್ಕೆ ಗೌಸಸಾಬನ ಸೈಕಲ್ ರಿಪೇರಿ ಅಂಗಡಿ, ಎದುರಿಗೆ ರಸ್ತೆಯಾಚೆ ಬೇವಿನ ಮರ. ಆಮೇಲೆ ವಿಚಾರಿಸಲು ಬಂದವರು ಎಲ್ಲಿ ನಿಂತಿದ್ದಿರಿ ಎಂದು ಕೇಳಿದರು, ಕಾಲಲ್ಲಿ ಏನಿತ್ತು ಎಂದು ಕೇಳಲಿಲ್ಲ. ನಿಮಗೆ ಅದೂ ಗೊತ್ತಿರಲಿ ಎಂದು ಮೊದಲೇ ಹೇಳಿಬಿಟ್ಟೆ.

ಬರಿಗಾಲು ನನ್ನ ಸ್ಟುಡಿಯೋದ ಹಳೆಯ ಶಾಸ್ತ್ರ. ರೀಲು ತೊಳೆಯುತ್ತಿದ್ದ ಕಾಲದಲ್ಲಿ ನೆಗೆಟಿವ್ ಮೇಲೆ ಒಂದು ಧೂಳಿನ ಕಣ ಕೂತರೆ ಮದುಮಗಳ ಕೆನ್ನೆಯ ಮೇಲೆ ಬಿಳಿಯ ಬೊಟ್ಟು ಮೂಡುತ್ತಿತ್ತು. ಅದಕ್ಕೇ ಚಪ್ಪಲಿ ಹೊರಗೆ, ನನ್ನದೂ ಸೇರಿ. ರೀಲು ಹೋಯಿತು, ಕತ್ತಲೆ ಕೋಣೆಯಲ್ಲಿ ಹಳೆಯ ಕುರ್ಚಿಗಳು ಸೇರಿಕೊಂಡವು, ಜನ ತಮ್ಮ ಫೋಟೋ ತಾವೇ ತೆಗೆದುಕೊಳ್ಳತೊಡಗಿದರು. ನನ್ನ ಪಾಲಿಗೆ ಪಾಸ್‌ಪೋರ್ಟ್ ಅಳತೆಯ ಮುಖಗಳು ಉಳಿದವು. ಶಾಸ್ತ್ರ ಮಾತ್ರ ಬಿಡಲಿಲ್ಲ. ಹೊಸ ಬೂಟು ಹಾಕಿಕೊಂಡು ಬಂದ ಮದುಮಗನೊಬ್ಬ, "ಬೂಟ್ ಫೋಟೋದಾಗ ಬರೂದ ಬ್ಯಾಡೇನ್ರಿ? ಮಾವ ಕೊಡಸ್ಯಾನ" ಎಂದು ಬಾಗಿಲಲ್ಲೇ ಹಟ ಹಿಡಿದಿದ್ದ. ಅವನ ಬೂಟನ್ನು ಪೇಪರಿನಲ್ಲಿ ಸುತ್ತಿ ಒಳಗೆ ತಂದು, ಕಾಲಿಗೆ ಹಾಕಿಸಿ, ಫೋಟೋ ತೆಗೆದು, ಮತ್ತೆ ಬಿಚ್ಚಿಸಿ ಕಳಿಸಿದೆ. ನನ್ನ ಹೆಂಡತಿ ಇದನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಅವಳಿಗೆ ಈಗ ಹೊಸದೊಂದು ಕತೆ ಸಿಕ್ಕಿದೆ. ದಾರಿಯಲ್ಲಿ ಒಂಟಿಯಾಗಿ ಬಿಟ್ಟ ಚಪ್ಪಲಿ ಜೋಡಿ ಕಂಡರೆ ನಾನು ನಿಂತುಬಿಡುತ್ತೇನೆ. ಮೊನ್ನೆ ದಾಂಡೇಲಿಯಲ್ಲಿ ಬಟ್ಟೆ ಅಂಗಡಿಯೊಂದರ ಮುಂದೆ ಹೀಗೇ ನಿಂತೆ. ಒಳಗೆ ಹೋದವರು ಹೊರಗೆ ಬಂದು ಮೆಟ್ಟಿಕೊಳ್ಳುವ ತನಕ ಕಾಲು ಮುಂದೆ ಬರಲಿಲ್ಲ. ಅಂಗಡಿಯ ಕಾವಲಿನವನು ಬಹಳ ಹೊತ್ತು ನೋಡಿ, "ಯಜಮಾನ್ರ, ಆ ಚಪ್ಪಲ್ ನಿಮ್ಮ ಅಳತೀವಲ್ಲ, ಮುಂದ ನಡೀರಿ" ಎಂದ. ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಾನು ನಡೆದೆ. ಆದರೆ ಬಸ್ ಸ್ಟ್ಯಾಂಡು ಬರುವ ತನಕ ಹಿಂದೆ ತಿರುಗಿ ನೋಡುತ್ತಲೇ ಇದ್ದೆ.

ಈ ಚಪ್ಪಲಿಯ ಲೆಕ್ಕ ನನಗೆ ಬಂದದ್ದು ಅಪ್ಪನಿಂದ. ಅಪ್ಪ ಮುಂಡಗೋಡ ತಾಲೂಕಿನವನು. ಅತ್ತಿವೇರಿಯ ಹತ್ತಿರದ ನಮ್ಮ ಸಣ್ಣ ಊರಿನ ಗಂಡಸರು ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಊರೂರಿಗೆ ಹೋಗುತ್ತಿದ್ದರು. ಟಾಯರಿನ ಅಟ್ಟೆಯ ಚಪ್ಪಲಿ, ಕಾಲಿಗಿಂತ ಭಾರ. ಬಾವಿಗೆ ಇಳಿಯುವವನು ಅದನ್ನು ಬಾವಿಯ ಬಾಯಿಗೆ, ತುದಿ ಒಳಮುಖವಾಗಿ ಬಿಟ್ಟು ಇಳಿಯಬೇಕು. ಜೋಡಿ ಅಲ್ಲಿ ಇರುವ ತನಕ ಮೇಲಿನವರು ಹಗ್ಗ ಸುತ್ತುವಂತಿಲ್ಲ, ಬಾಯಿಗೆ ಹಲಗೆ ಎಳೆಯುವಂತಿಲ್ಲ. ಬೇರೆಯವರು ಅದನ್ನು ಎತ್ತಿಡುವಂತಿಲ್ಲ. ಇಳಿದವನೇ ಬಂದು ಮೆಟ್ಟಿಕೊಳ್ಳಬೇಕು. ಮೇಲೆ ಬಂದ ಅಪ್ಪನ ಮೈಯಿಂದ ಕೊಳೆತ ಎಲೆಯ, ತಣ್ಣನೆಯ ಕಬ್ಬಿಣದ ವಾಸನೆ ಬರುತ್ತಿತ್ತು. ಅವನು ಮುಖ ತೊಳೆಯುವ ಮೊದಲು ಚಪ್ಪಲಿ ಮೆಟ್ಟುತ್ತಿದ್ದ.

ಒಮ್ಮೆ ಗೋವಿನಜೋಳದ ಕೊಯ್ಲಿಗೆ ಟಿಬೆಟನ್ ಕಾಲೊನಿಗೆ ಹೋದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದ. ಪ್ರಾರ್ಥನೆಯ ದೊಡ್ಡ ಮನೆಯ ಹೊರಗೆ ಸನ್ಯಾಸಿಗಳ ಪಾದರಕ್ಷೆಗಳು ಸಾಲಾಗಿ ನಿಂತಿದ್ದವು. ಎಲ್ಲ ಒಂದೇ ಬಣ್ಣ, ಒಂದೇ ತರಹ. ತಮ್ಮದನ್ನು ತಾವು ಹೇಗೆ ಗುರುತಿಸುತ್ತಾರೆ ಎಂಬುದೇ ನನ್ನ ಚಿಂತೆ. ಅಪ್ಪ ಒಳಗೆ ಇಣುಕಲೇ ಇಲ್ಲ. ಸಾಲಿನ ಮೇಲೆ ಕಣ್ಣಾಡಿಸಿ, "ಭಾಳ ಮಂದಿ ಒಳಗ ಅದಾರ, ಹೊರಗ ಬರೂದು ತಡಾ ಆಕ್ಕೈತಿ, ನಡಿ" ಎಂದ.

ಇನ್ನು ರಸ್ತೆಯ ಸಂಗತಿ. ನನ್ನ ಅಂಗಡಿಯ ಮುಂದಿನ ಗಟಾರ ನಾನು ಹಳಿಯಾಳಕ್ಕೆ ಬಂದಾಗಿನಿಂದ ತೆರೆದೇ ಇತ್ತು. ಪ್ರತಿ ಅಂಗಡಿಗೆ ಒಂದೊಂದು ಕಲ್ಲಿನ ಹಾಸು. ಮಳೆಗಾಲದಲ್ಲಿ ಅದನ್ನು ದಾಟಿ ಬರುವ ಗಿರಾಕಿಯ ಮುಖದಲ್ಲಿ ಇರುತ್ತಿದ್ದ ಭಯವನ್ನು ಎಷ್ಟು "ಸ್ವಲ್ಪ ನಗ್ರಿ" ಎಂದರೂ ಅಳಿಸಲಾಗುತ್ತಿರಲಿಲ್ಲ. ಅದನ್ನು ಕಿತ್ತು, ಎದೆಯುದ್ದದ ಕಾಂಕ್ರೀಟ್ ಗಟಾರ ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿ, ಅದರ ಮೇಲೆ ಜನ ನಡೆಯುವ ಅಗಲವಾದ ಫುಟ್‌ಪಾತ್ ಮಾಡುವುದೆಂದು ಆಯಿತು. ಕಣ್ಣು ಕಾಣದವರ ಕೋಲಿಗೆ ತಿಳಿಯಲೆಂದು ಉಬ್ಬುಗೆರೆಯ ಹಳದಿ ಪಟ್ಟಿ, ಗಾಲಿಕುರ್ಚಿ ಏರಲು ಇಳಿಜಾರು. ನಕ್ಷೆ ನೋಡಿ ಎಲ್ಲರಿಗೂ ಸಂತೋಷವಾಯಿತು. ನನಗೂ ಆಯಿತು, ನನ್ನ ನಾಲ್ಕು ಮೆಟ್ಟಿಲಲ್ಲಿ ಎರಡು ಹೋಗುತ್ತವೆ ಎಂದು ತಿಳಿಯುವ ತನಕ. ಉಳಿದ ಎರಡಕ್ಕಾಗಿ ನಾನು ಮಾಡಿದ ಜಗಳವನ್ನು ಬರೆಯಲು ನಾಚಿಕೆಯಾಗುತ್ತದೆ.

ಆ ಜಗಳವನ್ನು ಬುಟ್ಟಿ ಹೊತ್ತು ನಿಂತು ಕೇಳುತ್ತಿದ್ದ ನೀಲವ್ವ ಎಂಬ ಹೆಣ್ಣುಮಗಳು, "ಫೋಟೋದ ಕಾಕಾ, ಮೆಟ್ಟಲಾ ಹೋದ್ರ ಹೋಗ್ಲಿ ಬಿಡ್ರಿ. ಗಿರಾಕಿ ಜಿಗದ ಬರ್ತಾವ. ಹಂಗ ಜಿಗದಾಗ ತಗದ್ರ ಫೋಟೋನೂ ಚಲೋ ಬರ್ತಾವ" ಎಂದಿದ್ದಳು. ಅವಳು ಮತ್ತು ಗಂಡ ಯಲ್ಲಪ್ಪ ನಮ್ಮ ಊರ ಕಡೆಯವರೇ. ಅವರ ತಂಡದ ಮೇಸ್ತ್ರಿ ಫಕೀರಪ್ಪ ನನ್ನ ಅಪ್ಪನ ಜೊತೆ ಬಾವಿಗೆ ಇಳಿದವನು. ಹಾಗಾಗಿ ಗಟಾರದೊಳಗೆ ಇಳಿಯುವಾಗಲೂ ಅವರು ಚಪ್ಪಲಿಯನ್ನು ಬಾಯಿಗೆ ಬಿಟ್ಟೇ ಇಳಿಯುತ್ತಿದ್ದರು. ನನ್ನ ಅಂಗಡಿಯೆದುರು ಚಪ್ಪಡಿ ಹಾಕದೆ ಬಿಟ್ಟ ಒಂದು ಕಿಂಡಿಯೇ ಬಾಯಿ. ಅಲ್ಲಿ ಅವರ ಚಪ್ಪಲಿಗಳು, ಪಕ್ಕದ ಮೆಟ್ಟಿಲ ಮೇಲೆ ನನ್ನವು.

ಕಾಂಕ್ರೀಟು ಗಟ್ಟಿಯಾಗುವ ತನಕ ಒಳಗೆ ಆನಿಸಿದ ಮರದ ಹಲಗೆಗಳನ್ನು ಕಿತ್ತು ತೆಗೆಯುವುದು ಅವರ ಕೆಲಸ. ಬರಿಗಾಲಿನ ಕೆಲಸ, ಮೊಳೆಗಳ ಕೆಲಸ. ಒಬ್ಬನ ಅಂಗಾಲು ಸೀಳಿದ ದಿನ ನೀಲವ್ವ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. "ಬೂಟ್ ಬರೂತನಕ ನಾವ ಏಳೂದಿಲ್ಲ" ಎಂದಳು. ಎಲ್ಲರೂ ಕೂತರು. ಸೀಳಿದ ಕಾಲಿನ ಫೋಟೋ ನಾನೇ ತೆಗೆದೆ. ಅದನ್ನು ಹಿಡಿದುಕೊಂಡು ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗಿ ಬಂದರು. ಕೊನೆಗೆ ಗುತ್ತಿಗೆದಾರ ಬಗ್ಗಿದ. ಮೊಣಕಾಲ ತನಕ ಬರುವ ರಬ್ಬರ್ ಬೂಟು ಬಂದವು, ಹಳದಿ ಟೋಪಿ ಬಂದವು, ಮುಖ ತೋರಿಸಿ ಹಾಜರಿ ಹಾಕುವ ಮೊಬೈಲೂ ಬಂತು. ಒಳಗೆ ಇಳಿಯುವಾಗ ಒಮ್ಮೆ ಮುಖ, ಹೊರಗೆ ಬಂದಾಗ ಒಮ್ಮೆ ಮುಖ. ಹೊರಗೆ ಬಂದವನ ಹೆಸರು ಹಸಿರಾಗುತ್ತದೆ. ಹಾಜರಿಯನ್ನು ಇನ್ನು ಯಾರೂ ನುಂಗುವಂತಿಲ್ಲ. ಅಂದು ಸಂಜೆ ನೀಲವ್ವ ಬೂಟು ಹಾಕಿಕೊಂಡು ರಸ್ತೆಯ ಈ ತುದಿಯಿಂದ ಆ ತುದಿಗೆ ಪೊಲೀಸರ ಹಾಗೆ ನಡೆದು ತೋರಿಸಿದಳು. ನಾವೆಲ್ಲ ನಕ್ಕೆವು. ಯಾವುದರಲ್ಲೂ ಕೆಡುಕಿರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು.

ಮೊಬೈಲು ಇರುತ್ತಿದ್ದದ್ದು ಸೂಪರ್‌ವೈಸರ್ ವಿನಾಯಕನ ಹತ್ತಿರ. ಬೆಳಗಾವಿ ಕಡೆಯ ಹುಡುಗ, ಮಾತು ಮೃದು. ಧೂಳು ಮೆತ್ತಿದ ಮುಖಗಳನ್ನು ಮೊಬೈಲು ಒಪ್ಪದಿದ್ದಾಗ ನನ್ನ ಹತ್ತಿರ ಬರುತ್ತಿದ್ದ. ನಾನು "ಗದ್ದ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ" ಎಂದು ಜನ್ಮವಿಡೀ ಹೇಳಿದ್ದನ್ನೇ ಹೇಳುತ್ತಿದ್ದೆ. ಮೊಬೈಲು ಒಪ್ಪುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಬೂಟು ಬಂದ ಮೇಲೆ ಚಪ್ಪಲಿಗಳು ಅನಾಥವಾದವು. ಬೆಳಿಗ್ಗೆ ಬಂದು ಬೂಟು ಹಾಕಿಕೊಂಡ ಮೇಲೆ ಅವನ್ನು ಎಲ್ಲಿಡುವುದು? ಮೊದಮೊದಲು ಬಾಯಿಯ ಹತ್ತಿರವೇ ಗುಂಪಾಗಿ ಬಿಟ್ಟರು. ಆಗ ಒಳಗಿದ್ದವನದು, ಹೊರಗಿದ್ದವನದು, ಎಲ್ಲ ಕಲಸಿಹೋಯಿತು. ಅಲ್ಲದೆ ವಿನಾಯಕ ಪ್ರತಿದಿನ ಮೇಲಿನವರಿಗೆ ಫುಟ್‌ಪಾತಿನ ಫೋಟೋ ಕಳಿಸಬೇಕಿತ್ತು. "ಫೋಟೋದಾಗ ಚಪ್ಪಲ್, ಬುತ್ತಿ ಗಂಟು ಕಂಡ್ರ ನನಗ ಬೈತಾರಿ. ಎಲ್ಲ್ಯಾರ ಒಳಗ ಇಡ್ರಿ" ಎಂದ. ಹಾಗೆ ಚಪ್ಪಲಿಗಳು ಮರದ ಬುಡಕ್ಕೆ, ಚೀಲಕ್ಕೆ, ಅಲ್ಲಿ ಇಲ್ಲಿ ಹೋದವು. ಯಲ್ಲಪ್ಪನ ಒಂದು ಜೋಡಿಯನ್ನು ನಾಯಿ ಎಳೆದುಕೊಂಡು ಹೋಗಿತ್ತು. ಹೊಸ ಜೋಡಿಯನ್ನು ಅವನು ಗಟಾರದ ಒಳಗೇ, ಬಸ್ ಸ್ಟ್ಯಾಂಡಿನ ಕಡೆಗೆ ಬಹಳ ಒಳಗೆ, ಗೋಡೆಯಲ್ಲಿ ಉಳಿದಿದ್ದ ಒಂದು ಸರಳಿಗೆ ನೇತುಹಾಕತೊಡಗಿದ.

ಆ ಗುರುವಾರ ಕೊನೆಯ ಚಪ್ಪಡಿ ಕೂಡಿಸಿ ಬಾಯಿ ಮುಚ್ಚುವುದಿತ್ತು. ಮೇಲ್ಗಡೆ, ಬಸ್ ಸ್ಟ್ಯಾಂಡಿನ ಹತ್ತಿರ, ಊರಿನ ಗಟಾರದ ನೀರನ್ನೆಲ್ಲ ಮರಳಿನ ಚೀಲಗಳ ಒಡ್ಡು ಹಾಕಿ ತಡೆದಿದ್ದರು. ಬಾಯಿ ಮುಚ್ಚಿದ ಮೇಲೆ ಒಡ್ಡು ತೆಗೆದು ಹೊಸ ಗಟಾರಕ್ಕೆ ನೀರು ಬಿಡುವುದು. ಒಡ್ಡಿನ ಹತ್ತಿರ ಫಕೀರಪ್ಪ ಇದ್ದ. ಉಳಿದವರು ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದರು. ವಿನಾಯಕ ನನ್ನ ಹತ್ತಿರ ಬಂದು, "ಕಾಕಾ, ನಿಮ್ಮ ದೊಡ್ಡ ಕ್ಯಾಮೆರಾದಾಗ ಒಂದು ಫೋಟೋ ತಗದ ಕೊಡ್ರಿ. ನನ್ನ ಮೊಬೈಲ್‌ದಾಗ ರಸ್ತೆ ವಾರಿ, ಸೊಟ್ಟ ಬರ್ತೈತಿ" ಎಂದ. ನಾನು ಒಳಗೆ ಹೋಗಿ ಕ್ಯಾಮೆರಾ ತಂದೆ. ಅವನೂ ಹಾಜರಿಯ ಮೊಬೈಲ್ ಹಿಡಿದು ನನ್ನ ಜೊತೆ ಸ್ಟುಡಿಯೋದ ಒಳಗೆ ಬಂದಿದ್ದ. ಯಲ್ಲಪ್ಪ ಊಟ ಬೇಗ ಮುಗಿಸಿ, ಹೆಂಡತಿಗೆ "ಈಗ ಬಂದೆ" ಎಂದು ಹೇಳಿ, ಬಾಯಿ ಮುಚ್ಚುವ ಮೊದಲು ತನ್ನ ಚಪ್ಪಲಿ ತರಲು ಬೂಟುಗಾಲಲ್ಲೇ ಒಳಗೆ ಇಳಿದದ್ದು ಆಗಲೇ ಇರಬೇಕು. ಊಟಕ್ಕೆ ಬರುವಾಗ ಅವನು ಮೊಬೈಲಿಗೆ ಮುಖ ತೋರಿಸಿ ಬಂದಿದ್ದ. ಅವನ ಹೆಸರು ಹಸಿರಿತ್ತು.

ಚಪ್ಪಡಿ ಎತ್ತುವ ಕ್ರೇನಿನ ಯಂತ್ರ ಗುಡುಗುತ್ತಿತ್ತು. ವಿನಾಯಕ ಬಾಯಿಗೆ ಬಗ್ಗಿ "ಯಾರರ ಅದೀರೇನು?" ಎಂದು ಕೂಗಿದ. ಉತ್ತರ ಬರಲಿಲ್ಲ. ಮೇಸ್ತ್ರಿಗೆ ಫೋನು ಹಚ್ಚಿ, ಗದ್ದಲಕ್ಕೆ ಕೇಳಿಸದೆಂದು ಸ್ಪೀಕರ್ ಹಾಕಿದ.

"ಮೇಸ್ತ್ರಿ, ಮುಚ್ಚಾಕತ್ತೇವಿ. ನೀರ ಬಿಡ್ರಿ."

"ಎಲ್ಲಾರೂ ಹೊರಗ ಬಂದಾರೇನ್ರಿ?"

"ಬಂದಾರ. ಎಲ್ಲಾ ಹಸರ ಐತಿ."

"ಹಸರ ಇರ್ಲಿ ಸಾಹೇಬ್ರ. ಬಾಯಿಗೆ ಚಪ್ಪಲ್ ಅದಾವೇನು, ನೋಡ್ರಿ."

ವಿನಾಯಕ ನೋಡಿದ. ನಾನೂ ನೋಡಿದೆ. ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲು ನನ್ನ ನೋಟ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು, ಅಪ್ಪನ ಕಾಲದ ರೂಢಿ.

"ಒಂದೂ ಇಲ್ರಿ" ಎಂದ ವಿನಾಯಕ.

"ಹಂಗಾರ ಬಿಡತೇನಿ" ಎಂದಿತು ಫಕೀರಪ್ಪನ ದನಿ.

ಚಪ್ಪಡಿ ಕೂತಿತು. ಅದನ್ನು ಎತ್ತಲು ಇದ್ದ ಕಬ್ಬಿಣದ ಕೊಂಡಿಗಳನ್ನು, ನಡೆಯುವವರು ಎಡವಬಾರದೆಂದು, ಕೂಡಲೇ ಕತ್ತರಿಸಿ ಸಿಮೆಂಟು ಮೆತ್ತಿ ಸಮ ಮಾಡಿದರು. ನಾನು ಫೋಟೋ ತೆಗೆದೆ. ನೆರಳು ಒಂದೇ ಕಡೆ ಬಿದ್ದಿತ್ತು, ಹಳದಿ ಪಟ್ಟಿ ನೇರ ಹೋಗಿತ್ತು, ನೆಲದ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ನಾನು ತೆಗೆದ ರಸ್ತೆಯ ಚಿತ್ರಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಆ ಚಿತ್ರದಲ್ಲಿ, ಚಪ್ಪಡಿಯ ಕೆಳಗೆ, ಯಲ್ಲಪ್ಪ ಇದ್ದಾನೆ.

ಕ್ರೇನು ದಾಂಡೇಲಿ ರಸ್ತೆಯ ಕಡೆ ಹೊರಟಿತು. ಆಗ ನನ್ನ ಅಂಗಾಲಿಗೆ ಏನೋ ತಾಗಿದಂತಾಯಿತು. ಸದ್ದಲ್ಲ. ಮೆಟ್ಟಿಲನ್ನು ಒಳಗಿನಿಂದ ಯಾರೋ ತಟ್ಟಿದ ಹಾಗೆ. ಕ್ರೇನಿನ ನಡುಕ ಅಂದುಕೊಂಡೆ. ಕ್ರೇನು ತಿರುವಿನಲ್ಲಿ ಮರೆಯಾಯಿತು, ತಟ್ಟುವುದು ನಿಲ್ಲಲಿಲ್ಲ. ಅದೇ ಹೊತ್ತಿಗೆ ನೀಲವ್ವ ಬುತ್ತಿಯ ಡಬ್ಬಿ ತೊಳೆದುಕೊಂಡು ರಸ್ತೆ ದಾಟಿ ಬಂದಳು.

"ಸಾಹೇಬ್ರ, ನಮ್ಮ ಮನೀಯಾವ್ರು ಎಲ್ಲಿ?"

ವಿನಾಯಕ ಮೊಬೈಲ್ ತಿರುಗಿಸಿ ತೋರಿಸಿದ. "ಹೊರಗ ಅದಾನ್ರಿ ಅಕ್ಕಾರ. ನೋಡ್ರಿ, ಹಸರ ಐತಿ."

"ಹೊರಗ ಅದಾರಂದ್ರ ಹೊರಗ ಎಲ್ಲಿ ಅದಾರ, ತೋರಸ್ರಿ."

ಅವನು ರಸ್ತೆಯ ಎರಡೂ ಕಡೆ ನೋಡಿದ. ನಾನು ನನ್ನ ಕಾಲು ನೋಡಿಕೊಂಡೆ. "ಇಲ್ಲೇ ಅದಾನ. ನನ್ನ ಕಾಲ ಬುಡಕ" ಎಂದೆ. ಎರಡನೆಯ ಸಲ ಹೇಳಬೇಕಾಯಿತು.

ನೀಲವ್ವ ಮೊಣಕಾಲೂರಿದಳು. ಮೆಟ್ಟಿಲಿಗೆ ಕಿವಿ ಹಚ್ಚಿದಳು. ಆಮೇಲೆ ಡಬ್ಬಿಯಿಂದ ಎರಡು ಸಲ ಬಡಿದಳು. ಒಳಗಿನಿಂದ ಎರಡು ಸಲ ಬಡಿತ ಬಂತು.

ವಿನಾಯಕ ಮೇಸ್ತ್ರಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಗೌಸಸಾಬ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿಟ್ಟು, "ಫೋನ್ ಬಿಡೋ, ಅಂವ ನೀರಾಗ ನಿಂತಿರ್ತಾನ" ಎಂದು ಗಿರಾಕಿಯ ಬೈಕು ಹತ್ತಿ ಬಸ್ ಸ್ಟ್ಯಾಂಡಿನ ಕಡೆ ಹೋದ. ಗಂಡಸರು ಹಾರೆ ತಂದು ಚಪ್ಪಡಿಯ ಸಂದಿಗೆ ಹಾಕಿದರು. ಸಂದಿಯೇ ಇರಲಿಲ್ಲ, ಅಷ್ಟು ಚೆನ್ನಾಗಿ ಕೂತಿತ್ತು. ಕೆಳಗಡೆ ಗಟಾರ ರಸ್ತೆಯಡಿಯ ಸಣ್ಣ ಪೈಪಿಗೆ ಸೇರುತ್ತಿತ್ತು, ಅದರಲ್ಲಿ ಮನುಷ್ಯ ತೂರಲಾರ. ಮೇಲ್ಗಡೆಯಿಂದ ನೀರು ಬರುತ್ತಿತ್ತು. ಈಗ ಅದು ಕಿವಿಗೂ ಕೇಳಿಸುತ್ತಿತ್ತು, ದೂರದಲ್ಲಿ ಗೋಣಿಚೀಲ ಎಳೆದ ಹಾಗೆ.

ಅವನು ನನ್ನ ಮೆಟ್ಟಿಲ ಕೆಳಗೇ ಏಕೆ ತಟ್ಟುತ್ತಿದ್ದ ಎಂಬುದು ಆಗ ನನಗೆ ಹೊಳೆಯಿತು. ಕತ್ತಲೆ ಕೋಣೆಯ ನೀರು ಹೋಗುವ ಪೈಪಿಗೆಂದು ಗಟಾರದ ಗೋಡೆಯಲ್ಲಿ ಅಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಕತ್ತಲೆ ಕೋಣೆಯೇ ಇಲ್ಲವೆಂದ ಮೇಲೆ ಯಲ್ಲಪ್ಪನೇ ಅದಕ್ಕೆ ಇಟ್ಟಿಗೆ ಇಟ್ಟು ಮುಚ್ಚಿದ್ದ. ಉಳಿದದ್ದೆಲ್ಲ ಕಾಂಕ್ರೀಟು, ಅದೊಂದೇ ಇಟ್ಟಿಗೆ.

"ಮೆಟ್ಟಲಾ ಒಡೀರಿ" ಎಂದೆ.

ಒಬ್ಬ ದೊಡ್ಡ ಸುತ್ತಿಗೆ ಎತ್ತಿ ನನ್ನ ಮುಖ ನೋಡಿದ. ಆ ಮೆಟ್ಟಿಲಿಗಾಗಿ ನಾನು ಆಡಿದ ಮಾತು ಇಡೀ ತಂಡಕ್ಕೆ ಗೊತ್ತಿತ್ತು. ನೀಲವ್ವ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಮೊದಲ ಪೆಟ್ಟು ಹಾಕಿದಳು. ಆಮೇಲೆ ಯಾರು ಎಷ್ಟು ಹೊಡೆದರೋ ನಾನು ಹೇಳಲಾರೆ. ನಾನು ಇಟ್ಟಿಗೆ ಚೂರು ಎಳೆದು ಹಿಂದೆ ಎಸೆಯುತ್ತಿದ್ದೆ. ಕೊರಳಲ್ಲಿ ಕ್ಯಾಮೆರಾ ಜೋತಾಡುತ್ತಿತ್ತು, ಅದನ್ನು ಕಣ್ಣಿಗೆ ಹಿಡಿಯುವ ಯೋಚನೆ ಬರಲಿಲ್ಲ. ಹೀಗಾಗಿ ಮುಂದಿನದರ ಒಂದು ಚಿತ್ರವೂ ಇಲ್ಲ. ಒಳಗಿನ ಬಡಿತ ನಿಂತಿತು. ನೀಲವ್ವ ಜೀವನದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು ಕರೆದಳು.

ಕೊನೆಯ ಇಟ್ಟಿಗೆ ಒಳಗೆ ಬಿತ್ತು. ಕಿಂಡಿ ಅಂಗೈ ಅಗಲವಾಯಿತು. ಮೊದಲು ಹೊರಗೆ ಬಂದದ್ದು ಕೈ. ಕೈಯಲ್ಲಿ ಚಪ್ಪಲಿ. ಅದನ್ನು ಕಿಂಡಿಯ ಅಂಚಿಗೆ ಇಟ್ಟು ಕೈ ಒಳಗೆ ಹೋಯಿತು. ಮತ್ತೆ ಬಂದು ಇನ್ನೊಂದನ್ನು ಇಟ್ಟಿತು. ಆಮೇಲೆ ನಾವು ಕಿಂಡಿಯನ್ನು ಅಗಲ ಮಾಡಿದೆವು, ಅವನ ಹೆಗಲು ಸಿಕ್ಕಿತು. ಎಳೆದಾಗ ನೀರು ಅವನ ಎದೆಗೆ ಬಂದಿತ್ತು, ಅಷ್ಟರಲ್ಲೇ ನಿಂತಿತ್ತು. ಗೌಸಸಾಬ ಹೇಳಿದ್ದನ್ನು ಕೇಳಿ ಫಕೀರಪ್ಪ ಒಡ್ಡಿನ ಬಾಯಿಗೆ ತಾನೇ ಅಡ್ಡ ಕೂತು, ಚೀಲಗಳನ್ನು ಬೆನ್ನಿಗೆ ಒತ್ತಿಸಿಕೊಂಡಿದ್ದ.

ಎಷ್ಟೋ ದಿನದ ಮೇಲೆ ಯಲ್ಲಪ್ಪನನ್ನು ಕೇಳಿದೆ, ಉಸಿರು ಹೋಗುವಾಗ ಚಪ್ಪಲಿ ಯಾಕಪ್ಪಾ ಹೊರಗಿಟ್ಟಿ ಎಂದು. "ಬಾಯಿ ಕಂಡ ಕೂಡ್ಲೆ ಇಡಬೇಕನಸ್ತು ಕಾಕಾ" ಎಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ.

ವಿಚಾರಣೆಗೆ ಬಂದವರು ಸಭ್ಯರು. ಮೊಬೈಲಿನ ಹಾಜರಿ ನೋಡಿದರು. ಯಲ್ಲಪ್ಪ ಊಟಕ್ಕೆ ಹೊರಗೆ ಬಂದದ್ದಿತ್ತು, ಮತ್ತೆ ಒಳಗೆ ಹೋದದ್ದಿರಲಿಲ್ಲ. ನನ್ನ ಫೋಟೋ ನೋಡಿದರು, ಚೆನ್ನಾಗಿದೆ ಎಂದರು. ನಾವು ಹೇಳಿದ್ದಕ್ಕೆ ದಾಖಲೆ ಇಲ್ಲವೆಂದು, ಚಪ್ಪಡಿ ಮುಚ್ಚಿದಾಗ ಒಳಗೆ ಯಾರೂ ಇರಲಿಲ್ಲ ಎಂದು ಬರೆದುಕೊಂಡು ಹೋದರು. ಅಂಗಡಿಯ ಮೆಟ್ಟಿಲು ಮಾಲೀಕರೇ ಒಡೆಸಿದ್ದಾರೆ ಎಂದೂ ಬರೆದರು. ಅದು ಖರೆ.

ಫಕೀರಪ್ಪ ಆಮೇಲೆ ಕೆಲಸಕ್ಕೆ ಬರಲಿಲ್ಲ. ವಾರಕ್ಕೊಮ್ಮೆ ಸ್ಟುಡಿಯೋಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. "ನಾ ಕೇಳೂದು ಕೇಳಿದ್ನೆಪಾ. ಅವ್ರು ಕಂಡದ್ದು ಹೇಳಿದ್ರು. ಹಂಗಾರ ತಪ್ಪಿದ್ದೆಲ್ಲಿ?" ಎನ್ನುತ್ತಿದ್ದ. ನಾನು ಚಹಾ ತರಿಸುತ್ತಿದ್ದೆ. ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡ. ಕಂಡವರಲ್ಲಿ ಒಬ್ಬ ಕಡಿಮೆಯಾದ. ಈ ಬರಹಕ್ಕೆ ಕೂತದ್ದು ಆಮೇಲೆ.

ನೀಲವ್ವನ ತಂಡ ಈಗ ದಾಂಡೇಲಿಯಲ್ಲಿ ಇಂಥದೇ ಕೆಲಸ ಮಾಡುತ್ತಿದೆ. ಬೂಟು ಇವೆ, ಮೊಬೈಲೂ ಇದೆ. ಅವುಗಳ ಜೊತೆಗೆ ಪ್ರತಿಯೊಬ್ಬರೂ ಒಂದು ಸವೆದ ಚಪ್ಪಲಿ ಜೋಡಿಯನ್ನು ಚೀಲದಲ್ಲಿ ತರುತ್ತಾರೆ, ಇಳಿಯುವಾಗ ಬಾಯಿಗೆ ಬಿಡಲಿಕ್ಕೆ. ಅಲ್ಲಿಯ ಸೂಪರ್‌ವೈಸರ್ ದಿನವೂ ತೆಗೆಸುತ್ತಾನೆ, ಇವರು ದಿನವೂ ಇಡುತ್ತಾರೆ. ಬಾಯಿಯ ಹತ್ತಿರ ಒಬ್ಬರು ಕೂತಿರಬೇಕು, ಜೋಡಿ ಇರುವ ತನಕ ಮುಚ್ಚಬಾರದು ಎಂದು ನಿಯಮ ಮಾಡಿ ಎಂದು ನೀಲವ್ವ ಅಧಿಕಾರಿಗಳನ್ನು ಕೇಳುತ್ತಿದ್ದಾಳೆ. ಅದಕ್ಕೆ ಮೊದಲು ಅಂಥದೊಂದು ಘಟನೆ ನಡೆದದ್ದು ದಾಖಲೆಯಲ್ಲಿ ಕಾಣಿಸಬೇಕಂತೆ.

ನಡೆಯಿತು. ನಾನು ಕಂಡೆ. ಒಡೆದ ಮೆಟ್ಟಿಲಿನ ಜಾಗದಲ್ಲಿ ಈಗ ಒಂದು ಹಲಗೆ ಇದೆ, ಗಿರಾಕಿಗಳು ಅದರ ಮೇಲೆ ಹೆದರುತ್ತ ಬರುತ್ತಾರೆ, ಮತ್ತೆ ಯಾರ ಮುಖದಲ್ಲೂ ನಗು ಬರುತ್ತಿಲ್ಲ. ನಾನಲ್ಲದೆ ಕಂಡವರು, ಇನ್ನೂ ಇರುವವರು ಇವರು. ಗೌಸಸಾಬ, ಸೈಕಲ್ ಅಂಗಡಿ, ನನ್ನ ಎಡಕ್ಕೆ. ವಿನಾಯಕ, ಈಗ ಅನಮೋಡದ ಕಡೆ ರಸ್ತೆ ಕೆಲಸದಲ್ಲಿದ್ದಾನೆ, "ಯಾರ ಕೇಳಿದ್ರೂ ಹೇಳತೇನಿ ಕಾಕಾ" ಎಂದಿದ್ದಾನೆ. ನೀಲವ್ವ, ದಾಂಡೇಲಿಯಲ್ಲಿ. ಇವರೆಲ್ಲ ಹೊರಗಿನಿಂದ ಕಂಡವರು. ಒಳಗಿನಿಂದ ಕಂಡವನು ಒಬ್ಬನೇ, ಯಲ್ಲಪ್ಪ. ಅವನೂ ಇದ್ದಾನೆ. ಈಗ ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲದಲ್ಲಿ ಕೆಲಸ ಮಾಡುತ್ತಾನೆ, ಬಯಲಲ್ಲಿ.